ಕಾರಣ ಬರೆದು ಸಹಿ ಹಾಕು

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಜಿಲ್ಲಾ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಗ್ರಾಮ ಪಂಚಾಯಿತಿಯೊಂದಕ್ಕೆ ಹೊಸದಾಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆಗಿ ಬಂದವಳು.)

ಸೊಸೆ: ಮಾವ, ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ನಮಗೆ ತರಬೇತಿ ಚೆನ್ನಾಗೇ ಆಯ್ತು. ಪಂಚಾಯತ್ ರಾಜ್ ಕಾಯ್ದೆ, ಲೆಕ್ಕಪತ್ರ, ಕ್ರಿಯಾ ಯೋಜನೆ ಎಲ್ಲ ಹೇಳಿಕೊಟ್ರು. ಆದ್ರೆ ನಾಲ್ಕು ಜನ ಟೇಬಲ್ ಸುತ್ತ ನಿಂತು ‘ಸಹಿ ಹಾಕಿ ಮೇಡಂ’ ಅಂದಾಗ ಏನು ಮಾಡಬೇಕು ಅನ್ನೋದು ಕ್ಲಾಸಲ್ಲಿ ಕೂತು ಕಲಿಯೋ ವಿಷಯ ಅಲ್ಲ.

ಮಾವ: ಯಾರಾದ್ರೂ ದುಡ್ಡು ಹಿಡ್ಕೊಂಡು ಬಂದಿದ್ರಾ?

ಸೊಸೆ: ಹಾಗೆ ಬಂದಿದ್ರೆ ಸುಲಭವಾಗಿತ್ತು, ಬೈದು ಕಳಿಸ್ತಿದ್ದೆ. ಇದು ಒಂದು ಸಿ.ಸಿ. ಚರಂಡಿ ವಿಷಯ. ಅಳತೆ ಬರೆಯೋ ಎಂ.ಬಿ. ಪುಸ್ತಕದಲ್ಲಿ 120 ಮೀಟರ್ ಅಂತ ಬರೆದಿದೆ. ನನಗೆ ಅನುಮಾನ ಬಂದು ನೀರುಗಂಟಿಯನ್ನ ಜೊತೆಗೆ ಕರ್ಕೊಂಡು ಹೋಗಿ ಟೇಪ್ ಹಿಡಿಸಿದೆ. 94 ಮೀಟರ್‌ಗೆ ಕೆಲಸ ನಿಂತಿದೆ. ಇಂಜಿನಿಯರ್ ಹೇಳ್ತಾರೆ, ಮಾರ್ಚ್ ಒಳಗೆ ಪೂರ್ತಿ ಬಿಲ್ ಮಾಡದಿದ್ರೆ ಅನುದಾನ ವಾಪಸ್ ಹೋಗುತ್ತೆ, ಉಳಿದ 26 ಮೀಟರ್ ಏಪ್ರಿಲ್‌ನಲ್ಲಿ ಮುಗಿಸಿಕೊಡ್ತಾರೆ ಅಂತ. ಕಂಟ್ರಾಕ್ಟರ್ ಕೂಲಿಯವರಿಗೆ ಬಾಕಿ ಕೊಡಬೇಕು. ಅಧ್ಯಕ್ಷರಂತೂ ನಿಜವಾಗ್ಲೂ ಒಳ್ಳೆಯವರು. ‘ಊರಿಗೆ ಬಂದ ದುಡ್ಡು ಊರಿಗೇ ಉಳೀಲಿ ಅಂತ ಅಷ್ಟೇ ಮೇಡಂ’ ಅಂದ್ರು. ಇವರಲ್ಲಿ ಕಳ್ಳ ಯಾರು ಅಂತ ಹುಡುಕಿದ್ರೆ ಒಬ್ಬರೂ ಸಿಗಲ್ಲ. ಅಮ್ಮನಿಗೆ ಹೇಳಿದ್ರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ಸಹಿ ಹಾಕಬೇಡ ಅಂದ್ಲು.

ಮಾವ: ನಿಮ್ಮಮ್ಮನ ಮಾತು ಸರಿ, ಆದ್ರೆ ಆ ಗಾದೆ ಇಲ್ಲಿಗೆ ಸಾಲಲ್ಲ. ನೀನು ಸಹಿ ಹಾಕಿದ್ರೆ ನಿನ್ನ ಮಾನ ಹೋಗಲ್ಲ ಕಣಮ್ಮ, ಬರುತ್ತೆ. ‘ಹೊಸ ಮೇಡಂ ಕೆಲಸಗಾರ್ತಿ, ಕಿರಿಕಿರಿ ಮಾಡಲ್ಲ’ ಅಂತ ಊರೆಲ್ಲ ಹೊಗಳುತ್ತೆ. ಹಾಕದಿದ್ರೇನೇ ಮಾತು ಬರೋದು. ಪ್ರಾಮಾಣಿಕತೆ ಅಂದ್ರೆ ನಾಲ್ಕು ಜನರ ಮುಂದೆ ತಲೆ ಎತ್ತಿ ನಡೆಯೋದು ಅಂತ ತಿಳಿದವರು ಇಂಥ ಕಡೆಯೇ ಎಡವೋದು. ನಾಲ್ಕು ಜನ ಸೇರಿ ಒಳ್ಳೇ ಕಾರಣ ಕೊಟ್ಟು ತಪ್ಪು ಮಾಡಿಸ್ತಾರಲ್ಲ, ಅದಕ್ಕೆ ಏನು ಮಾಡೋದು ಅನ್ನೋದೇ ನಿಜವಾದ ಪ್ರಶ್ನೆ.

ಸೊಸೆ: ನೀವು ಕೋರ್ಟಲ್ಲಿದ್ದವರು. ಅಂಥದ್ದು ಕಂಡಿದ್ದೀರಾ?

ಮಾವ: ದೇಶವೇ ಕಂಡಿದೆ. ನಾನು ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಹಿರಿಯ ವಕೀಲರು ಬಾರ್ ರೂಮಿನಲ್ಲಿ ಕೂತ್ರೆ ಇದನ್ನೇ ಮಾತಾಡ್ತಿದ್ರು. 1975ರ ಜೂನ್ 26ರ ಬೆಳಿಗ್ಗೆ ಬೆಂಗಳೂರಿನ ಶಾಸಕರ ಭವನದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇದ್ರು. ಸಂಸದೀಯ ಸಮಿತಿಯ ಸಭೆಗೆ ಬಂದಿದ್ದವರು. ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು, ಅಲ್ಲಿಂದಲೇ ಬಂಧಿಸಿದ್ರು. ಮರುದಿನ ರಾಷ್ಟ್ರಪತಿಗಳ ಆದೇಶ ಬಂತು: 14, 21, 22ನೇ ವಿಧಿಯ ಹಕ್ಕು ಕೇಳಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಹಾಗಿದ್ರೂ ಜನ ಹೋದ್ರು. ‘ಬಂಧಿಸಿದ್ದು ಕಾನೂನಿಗೆ ಸರಿಯಾಗಿದೆಯಾ ಇಲ್ವಾ ಅಂತ ಅಷ್ಟಾದ್ರೂ ನೋಡ್ತೀವಿ’ ಅಂತ ಒಂಬತ್ತು ಹೈಕೋರ್ಟುಗಳು ಹೇಳಿದವು. ಅದರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಂದು.

ಸೊಸೆ: ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯ್ತು.

ಮಾವ: ಹೋಯ್ತು. ಐದು ಜನ ನ್ಯಾಯಮೂರ್ತಿಗಳು. ವಾದ ನಡೀತಿದ್ದಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನ ಒಂದು ಪ್ರಶ್ನೆ ಕೇಳಿದ್ರು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನ ಕೊಂದುಬಿಟ್ರೆ ಆಗಲೂ ಪರಿಹಾರ ಇಲ್ವಾ ಅಂತ. ತುರ್ತು ಪರಿಸ್ಥಿತಿ ಇರೋವರೆಗೆ ಇಲ್ಲ ಅಂತ ಉತ್ತರ ಬಂತು. ಆ ಉತ್ತರ ಕೇಳಿಯೂ, 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರ ತೀರ್ಪು ಬರೆದ್ರು. ಖನ್ನಾ ಒಬ್ಬರೇ ಬೇರೆ ಬರೆದ್ರು. ಸಂವಿಧಾನದಲ್ಲಿ 21ನೇ ವಿಧಿ ಬರೆಯೋದಕ್ಕೂ ಮೊದಲು ಮನುಷ್ಯನ ಜೀವಕ್ಕೆ ಬೆಲೆ ಇತ್ತು, ಕಾನೂನಿನ ಆಧಾರ ಇಲ್ಲದೆ ಅದನ್ನ ಕಿತ್ಕೊಳ್ಳೋ ಅಧಿಕಾರ ಸರ್ಕಾರಕ್ಕಿಲ್ಲ ಅನ್ನೋದು ಅವರ ವಾದದ ತಿರುಳು.

ಸೊಸೆ: ಉಳಿದ ನಾಲ್ವರು ಹೆದರಿದ್ರಾ?

ಮಾವ: ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಆ ನಾಲ್ವರಲ್ಲಿ ಪಿ.ಎನ್. ಭಗವತಿ ಇದ್ರು. ಬಡವನೊಬ್ಬ ಬರೆದ ಕಾಗದವನ್ನೇ ಅರ್ಜಿ ಅಂತ ತಗೊಳ್ಳೋ ಸಾರ್ವಜನಿಕ ಹಿತಾಸಕ್ತಿ ದಾವೆಯ ಪದ್ಧತಿ ಬೆಳೆಸಿದವರಲ್ಲಿ ಮುಂದೆ ಅವರೇ ಮೊದಲಿಗರು. ವೈ.ವಿ. ಚಂದ್ರಚೂಡ್ ದೊಡ್ಡ ವಿದ್ವಾಂಸರು. ಇನ್ನೊಬ್ಬರು, ಎಂ.ಎಚ್. ಬೇಗ್, ಬಂಧಿತರನ್ನ ಸರ್ಕಾರ ತಾಯಿಯಂತೆ ನೋಡ್ಕೊಳ್ತಿದೆ ಅನ್ನೋ ಅರ್ಥದ ಮಾತು ಬರೆದ್ರು. ಇವರ್ಯಾರೂ ದುಡ್ಡು ತಿಂದವರಲ್ಲ. ದೇಶಕ್ಕೆ ಆಪತ್ತು ಬಂದಿದೆ, ಸರ್ಕಾರದ ಮೇಲೆ ನಂಬಿಕೆ ಇಡಬೇಕು, ಕೋರ್ಟು ಅಡ್ಡ ಬರಬಾರದು ಅನ್ನೋ ಕಾರಣಗಳಿದ್ದವು. ನಿನ್ನ ಅಧ್ಯಕ್ಷರ ಹತ್ರ ಇರೋ ಹಾಗೇ. ಅದಕ್ಕೇ ಹೇಳ್ತಿರೋದು, ಒಳ್ಳೆಯವರು ಅನ್ನೋದು ಒಂದು, ಒತ್ತಡದಲ್ಲಿ ನೆಟ್ಟಗೆ ನಿಲ್ಲೋದು ಇನ್ನೊಂದು. ಮೊದಲನೆಯದು ಇದ್ರೆ ಎರಡನೆಯದು ತಾನಾಗಿ ಬರುತ್ತೆ ಅಂತ ನಂಬಿ ಕೂತವರು ಬಹಳ ಜನ.

ಸೊಸೆ: ಆದ್ರೆ ಮಾವ, ಖನ್ನಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ನಾನು ಪ್ರೊಬೇಷನರಿ ಪಿಡಿಒ. ಅವರಿಗೆ ನಿಲ್ಲೋಕೆ ನೆಲ ಇತ್ತು. ನನ್ನನ್ನ ಒಂದು ಫೋನಿನಲ್ಲಿ ಎತ್ತಂಗಡಿ ಮಾಡ್ತಾರೆ.

ಮಾವ: ಅವರೂ ಬೆಲೆ ತೆತ್ರು. ಜ್ಯೇಷ್ಠತೆಯಲ್ಲಿ ಮುಂದಿನ ಮುಖ್ಯ ನ್ಯಾಯಮೂರ್ತಿ ಅವರೇ ಆಗಬೇಕಿತ್ತು. 1977ರ ಜನವರಿಯಲ್ಲಿ ಅವರನ್ನ ಬಿಟ್ಟು ಬೇಗ್ ಅವರನ್ನ ನೇಮಿಸಿದ್ರು. ಖನ್ನಾ ರಾಜೀನಾಮೆ ಕೊಟ್ರು. ತೀರ್ಪು ಹೊರಬೀಳೋದಕ್ಕೂ ಮೊದಲು ಹರಿದ್ವಾರದಲ್ಲಿ ಗಂಗೆಯ ದಡದಲ್ಲಿ ಕೂತು, ಈ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕೈತಪ್ಪುತ್ತೆ ಅಂತ ತಮ್ಮ ಸಹೋದರಿಗೆ ಹೇಳಿದ್ದನ್ನ ಅವರೇ ಆತ್ಮಕಥೆಯಲ್ಲಿ ಬರ್ಕೊಂಡಿದ್ದಾರೆ. ನನಗೆ ಇಡೀ ಕಥೆಯಲ್ಲಿ ದೊಡ್ಡದಾಗಿ ಕಾಣೋದು ಇದೇ. ಏನು ಕಳ್ಕೊಳ್ತೀನಿ ಅನ್ನೋದನ್ನ ಮೊದಲೇ ಲೆಕ್ಕ ಹಾಕಿ, ಮನೆಯವರಿಗೂ ಹೇಳಿ, ಆಮೇಲೆ ಹೋಗಿ ತೀರ್ಪು ಓದಿದ್ರು. ಅವತ್ತಿನ ಆವೇಶಕ್ಕೆ ಮಾಡಿದ್ದಲ್ಲ. ಲೆಕ್ಕ ಹಾಕದೆ ಧೈರ್ಯ ಮಾಡಿದವರು ಬೆಲೆ ತೆರೋ ದಿನ ಬಂದಾಗ ‘ನನಗೇ ಯಾಕೆ ಹೀಗಾಯ್ತು’ ಅಂತ ಕಹಿಯಾಗಿಬಿಡ್ತಾರೆ.

ಸೊಸೆ: ನಮ್ಮ ಹೈಕೋರ್ಟಿನವರು?

ಮಾವ: ಅವರದೂ ಹೇಳಬೇಕು, ಆ ಹೆಸರುಗಳನ್ನ ನಾವೇ ಮರೆತಿದ್ದೀವಿ. 1976ರಲ್ಲಿ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರನ್ನ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿಯವರನ್ನ ಗುವಾಹಟಿಗೆ ವರ್ಗ ಮಾಡಿದ್ರು. ದೆಹಲಿಯಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರ ಬಂಧನದ ಪ್ರಕರಣ ಕೇಳಿದ ಇಬ್ಬರಲ್ಲಿ ರಂಗರಾಜನ್ ಗುವಾಹಟಿಗೆ ಹೋದ್ರು, ಅಗರ್‌ವಾಲ್ ಅವರನ್ನ ಹೈಕೋರ್ಟಿನಿಂದ ಮತ್ತೆ ಸೆಷನ್ಸ್ ಕೋರ್ಟಿಗೆ ಇಳಿಸಿದ್ರು. ನೆಲ ಗಟ್ಟಿ ಇದ್ದವರು ಅಂತ ನೀನು ಅಂದ್ಯಲ್ಲ, ಅವರ ಪಾಡು ಇದು. ಎತ್ತಂಗಡಿ ಅನ್ನೋದು ಪಿಡಿಒಗೆ ಮಾತ್ರ ಇಟ್ಟ ಶಿಕ್ಷೆ ಅಲ್ಲ.

ಸೊಸೆ: ಖನ್ನಾ ರಾಜೀನಾಮೆ ಕೊಟ್ರು. ಇವರು ವರ್ಗವಾದ ಕಡೆ ಹೋಗಿ ಕೂತ್ರು. ಎರಡೂ ಸರಿ ಹೇಗಾಗುತ್ತೆ?

ಮಾವ: ಒಳ್ಳೇ ಪ್ರಶ್ನೆ. ರಾಜೀನಾಮೆಯ ದಾರಿ ಹಿಡಿದ ಇನ್ನೊಬ್ಬರು ನಮ್ಮವರೇ ಇದ್ದಾರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣ ಗೊತ್ತಲ್ಲ, ಸಂವಿಧಾನದ ಮೂಲ ರಚನೆಯನ್ನ ಸಂಸತ್ತೂ ಬದಲಿಸುವಂತಿಲ್ಲ ಅಂದಿದ್ದು. 1973ರ ಏಪ್ರಿಲ್ 24, ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಆ ಏಳರಲ್ಲಿ ಖನ್ನಾ ಇದ್ರು, ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ ಇದ್ರು. ಮರುದಿನವೇ ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನ ದಾಟಿಸಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಅಂತ ಘೋಷಿಸಿದ್ರು. ಮೂವರೂ ರಾಜೀನಾಮೆ ಕೊಟ್ರು. ಹೆಗ್ಡೆಯವರು ಸುಮ್ಮನೆ ಮನೆಗೆ ಹೋಗಿ ಕೂರಲಿಲ್ಲ. ನ್ಯಾಯಾಂಗಕ್ಕೆ ಬಂದ ಗತಿಯ ಬಗ್ಗೆ ಬರೆದ್ರು, ಮಾತಾಡಿದ್ರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದ್ರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಂಥ ಹುದ್ದೆಯಲ್ಲಿ ಬಿಡೋದೇ ಒಂದು ಹೇಳಿಕೆ, ಯಾಕಂದ್ರೆ ದೇಶ ನೋಡ್ತಿರುತ್ತೆ. ನೀನು ಬಿಟ್ರೆ ಯಾರು ನೋಡ್ತಾರೆ? ಮರುದಿನ ಪಕ್ಕದ ಪಂಚಾಯಿತಿಯವರಿಗೆ ಪ್ರಭಾರ ಕೊಟ್ಟು ಸಹಿ ಹಾಕಿಸ್ತಾರೆ. ನೀನು ಬಿಡಬೇಡ. ಕಳಿಸಿದ ಕಡೆ ಹೋಗಿ ಕೂತ್ಕೊ, ಅಲ್ಲಿಯೂ ಟೇಪ್ ಹಿಡಿ.

ಸೊಸೆ: ಬೆಲೆ ಮೊದಲೇ ಲೆಕ್ಕ ಹಾಕು ಅಂದ್ರಿ. ನನ್ನಂಥವಳಿಗೆ ಅದು ಹೇಗೆ?

ಮಾವ: ಸಂಬಳ ಬರೋಕೆ ಶುರುವಾದ ತಕ್ಷಣ ಕಾರಿಗೆ ಸಾಲ ಮಾಡಬೇಡ. ಕಂತು ಕಟ್ಟೋ ಚಿಂತೆ ಇರೋನ ಬೆನ್ನು ಬೇಗ ಬಾಗುತ್ತೆ, ಕೋರ್ಟಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರಲ್ಲೇ ಕಂಡಿದ್ದೀನಿ. ಎರಡನೆಯದು ಮುಲಾಜು. ತಾಲ್ಲೂಕಿಗೆ ಹೋಗೋಕೆ ಯಾರ ಜೀಪು ಹತ್ತುತ್ತೀಯ, ಮಧ್ಯಾಹ್ನದ ಊಟ ಯಾರ ಮನೆಯಿಂದ ಬರುತ್ತೆ, ಬಾಡಿಗೆ ಮನೆ ಯಾರು ಹುಡುಕಿಕೊಟ್ರು? ಯಾವುದೂ ಲಂಚ ಅಲ್ಲ. ಆದ್ರೆ ಫೈಲು ಮುಂದೆ ಬಂದ ದಿನ ಆ ಮುಖಕ್ಕೆ ‘ಇಲ್ಲ’ ಅನ್ನೋಕೆ ನಾಲಗೆ ಏಳಲ್ಲ. ಅಂದ ಹಾಗೆ, ನಿನ್ನ ಡಿಜಿಟಲ್ ಸಹಿಯ ಡಾಂಗಲ್ ಎಲ್ಲಿದೆ?

ಸೊಸೆ: ...ಆಪರೇಟರ್ ಹತ್ರ. ಹಿಂದಿನವರೂ ಅಲ್ಲೇ ಇಟ್ಟಿದ್ರಂತೆ. ನಾನು ಗ್ರಾಮಸಭೆ, ತಾಲ್ಲೂಕು ಪಂಚಾಯಿತಿ ಮೀಟಿಂಗ್ ಅಂತ ತಿರುಗ್ತಿರ್ತೀನಿ, ಜನ ಕಾಯಬಾರದು ಅಂತ.

ಮಾವ: ಪಾಸ್‌ವರ್ಡೂ ಅವನ ಹತ್ರವೇ?

ಸೊಸೆ: ಹೌದು.

ಮಾವ: ಹಾಗಾದ್ರೆ ಇಷ್ಟು ಹೊತ್ತು ನಾವು ಯಾರ ಪ್ರಾಮಾಣಿಕತೆ ಬಗ್ಗೆ ಮಾತಾಡ್ತಿದ್ವಿ? ಆ ಹುಡುಗನ ಸಂಬಳ ಎಷ್ಟು? ಅಧ್ಯಕ್ಷರು, ಸದಸ್ಯರು, ಕಂಟ್ರಾಕ್ಟರು ಮೂರೂ ಕಡೆಯಿಂದ ಒತ್ತಿದ್ರೆ ಅವನು ತಡ್ಕೊಳ್ತಾನಾ? ನಾಳೆ ಏನಾದ್ರೂ ಆದ್ರೆ ಕೆಲಸ ಹೋಗೋದು ಅವನದು. ಮುಖ್ಯಸ್ಥರಾದವರು ಮಾಡೋ ಅನ್ಯಾಯಗಳಲ್ಲಿ ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ತಾವು ಚೊಕ್ಕವಾಗಿ ಉಳೀತಾರೆ, ಕಷ್ಟದ ‘ಇಲ್ಲ’ವನ್ನ ಕೆಳಗಿನವನ ಬಾಯಲ್ಲಿ ಹೇಳಿಸ್ತಾರೆ. ಅವತ್ತು ಟೇಪ್ ಹಿಡಿಯೋಕೆ ನೀರುಗಂಟಿಯನ್ನ ಕರ್ಕೊಂಡು ಹೋದ್ಯಲ್ಲ, ಅವನ ಹೆಸರು ಎಲ್ಲೂ ಬರದ ಹಾಗೆ ನೋಡ್ಕೊ. ಅವನು ಅದೇ ಊರಲ್ಲಿ ಬಾಳಬೇಕಾದವನು. ಅಳೆದವಳು ನೀನು, ಬೈಸ್ಕೊಳ್ಳೋದೂ ನೀನೇ ಆಗಬೇಕು.

ಸೊಸೆ: ಡಾಂಗಲ್ ನಾಳೆನೇ ಇಸ್ಕೊಳ್ತೀನಿ. ಆದ್ರೆ ಒಂದು ಮಾತು ಒಪ್ಪಲ್ಲ ಮಾವ. ಹೀಗೆ ಎಲ್ಲದಕ್ಕೂ ಬಿಗಿ ಹಿಡಿದ್ರೆ ಕೆಲಸ ನಿಲ್ಲುತ್ತೆ. ನಮ್ಮ ತಾಲ್ಲೂಕಲ್ಲಿ ಒಬ್ಬರ ಬಗ್ಗೆ ಹೇಳ್ತಾರೆ, ಬಹಳ ಪ್ರಾಮಾಣಿಕರಂತೆ, ಅವರಿದ್ದಷ್ಟು ದಿನ ಒಂದು ಬೀದಿ ದೀಪವೂ ಹೊಸದಾಗಿ ಹತ್ತಲಿಲ್ಲವಂತೆ.

ಮಾವ: ಒಪ್ಪದೇ ಇರೋದು ಸರಿ. ತಪ್ಪು ಆಗಬಾರದು ಅಂತ ಫೈಲನ್ನೇ ಮುಟ್ಟದೆ ಕೂರೋದು ಪ್ರಾಮಾಣಿಕತೆ ಅಲ್ಲ, ತನ್ನ ಚರ್ಮ ಉಳಿಸಿಕೊಳ್ಳೋದು. ಮುದುಕಿಯೊಬ್ಬಳು ತನ್ನ ಆಸ್ತಿಯ ಇ-ಸ್ವತ್ತು ದಾಖಲೆಗೆ ಅರ್ಜಿ ಕೊಟ್ಟು ಅಲೆದಾಡ್ತಿದ್ರೆ, ಅದರಲ್ಲಿ ದುಡ್ಡು ಮುಟ್ಟಿಲ್ಲ ಅನ್ನೋ ಸಮಾಧಾನದಿಂದ ಅವಳಿಗೇನು ಲಾಭ? ಇನ್ನೂ ಒಂದು ಅಪಾಯ ಇದೆ. ‘ನಾನು ಮಾತ್ರ ಶುದ್ಧ’ ಅನ್ನೋ ಭಾವ ಬಂದವರು ಮಿಕ್ಕವರನ್ನೆಲ್ಲ ಕಳ್ಳರ ಹಾಗೆ ನೋಡೋಕೆ ಶುರು ಮಾಡ್ತಾರೆ. ಆಮೇಲೆ ಯಾರೂ ಅವರಿಗೆ ನಿಜ ಹೇಳೋಕೇ ಬರಲ್ಲ.

ಸೊಸೆ: ಅದಕ್ಕೇ ನಾನು ಒಂದು ದಾರಿ ಯೋಚನೆ ಮಾಡಿದ್ದೀನಿ. ಬಿಲ್ ತಡೆಯಲ್ಲ. ಆಗಿರೋ 94 ಮೀಟರ್‌ಗೆ ಪಾರ್ಟ್ ಬಿಲ್ ಮಾಡಿಸ್ತೀನಿ. ಕೂಲಿಯವರಿಗೆ ದುಡ್ಡು ಸೇರುತ್ತೆ. ಎಂ.ಬಿ. ತಿದ್ದಿ ಹೊಸದಾಗಿ ಅಳತೆ ಬರೀರಿ ಅಂತ ಇಂಜಿನಿಯರ್‌ಗೆ ಲಿಖಿತವಾಗಿ ಕೇಳ್ತೀನಿ.

ಮಾವ: ನೋಡು, ಇದು ನನಗೆ ಹೊಳೆದಿರಲಿಲ್ಲ. ಆ 26 ಮೀಟರ್ ಬರೋದು ಯಾವ ಜಾಗದಲ್ಲಿ?

ಸೊಸೆ: ಊರ ಕೊನೆಗೆ. ಕಾಲೋನಿಯ ಮುಂದೆ. ಈಗ ಮೇಲಿನ ಕೇರಿಯ ನೀರೆಲ್ಲ ಹೊಸ ಚರಂಡಿಯಲ್ಲಿ ಬಂದು ಅಲ್ಲೇ ನಿಲ್ಲುತ್ತೆ. ಅವರು ಮನೆ ಬಾಗಿಲಿಗೆ ಕಲ್ಲು ಚಪ್ಪಡಿ ಜೋಡಿಸ್ಕೊಂಡು ದಾಟ್ತಾರೆ. ಮೊದಲು ನೀರು ಅಲ್ಲಲ್ಲಿ ಹರಡಿ ಇಂಗ್ತಿತ್ತಂತೆ.

ಮಾವ: ಕೇಳು ಹಾಗಾದ್ರೆ. ಏಪ್ರಿಲ್‌ನಲ್ಲಿ ಮಾಡ್ತೀವಿ ಅಂದಿದ್ದು ಆಗದೇ ಹೋದ್ರೆ? ಕಡತದಲ್ಲಿ ಆ ಜಾಗದ ಚರಂಡಿ ‘ಪೂರ್ಣಗೊಂಡಿದೆ’. ಪೂರ್ಣಗೊಂಡ ಕೆಲಸವನ್ನ ಮತ್ತೆ ಕ್ರಿಯಾ ಯೋಜನೆಗೆ ಹಾಕೋಕೆ ಬರಲ್ಲ. ಆ ಮನೆಯವರು ಬಂದು ಕೇಳಿದ್ರೆ ಮುಂದಿನ ಪಿಡಿಒ ಪುಸ್ತಕ ತೆಗೆದು ತೋರಿಸಿ, ಆಗಿದೆಯಲ್ಲಾ ಅಂತಾರೆ. ನಿನ್ನ ಒಂದು ಸಹಿ ಅವರು ಅರ್ಜಿ ಕೊಡೋ ಬಾಗಿಲನ್ನೇ ಮುಚ್ಚಿಬಿಡುತ್ತೆ. 1976ರ ತೀರ್ಪು ಮಾಡಿದ್ದೂ ಅದನ್ನೇ. ತೀರ್ಪು ಬಂದ ಕೆಲವೇ ದಿನಕ್ಕೆ, ಮೇ ತಿಂಗಳಲ್ಲಿ, ಸ್ನೇಹಲತಾ ರೆಡ್ಡಿಯವರನ್ನ ಬಂಧಿಸಿದ್ರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ನಟಿ. ಅವರಿಗೆ ತೀವ್ರ ಅಸ್ತಮಾ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ರು. ಈಗ ಅಲ್ಲಿ ಫ್ರೀಡಂ ಪಾರ್ಕ್ ಇದೆ, ಜನ ಧರಣಿ ಕೂರ್ತಾರೆ. ಯಾವ ಕೋರ್ಟಿಗೆ ಹೋಗಿ ‘ನನ್ನನ್ನ ಯಾಕೆ ಹಿಡಿದಿದ್ದೀರಿ’ ಅಂತ ಕೇಳಬೇಕಿತ್ತು ಅವರು? ತಿಂಗಳುಗಟ್ಟಲೆ ಒಳಗಿದ್ದು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಮೇಲೆ ಹೊರಗೆ ಬಿಟ್ರು. 1977ರ ಜನವರಿ 20ರಂದು ತೀರಿಕೊಂಡ್ರು. ಖನ್ನಾ ಅವರನ್ನ ದಾಟಿಸಿದ್ದೂ ಅದೇ ತಿಂಗಳು. ಮೇಲೆ ಕೂತವರು ಒಳ್ಳೇ ಕಾರಣಕ್ಕೆ ಅಂತ ಸಹಿ ಹಾಕಿದಾಗ ಅದರ ಬೆಲೆ ತೆರೋರು ಯಾವಾಗಲೂ ಆ ಕೋಣೆಯ ಹೊರಗಿರ್ತಾರೆ ಕಣಮ್ಮ.

ಸೊಸೆ: (ಸ್ವಲ್ಪ ಹೊತ್ತಿನ ಮೇಲೆ) ಖನ್ನಾ ಒಬ್ಬರು ಬೇರೆ ಬರೆದ್ರಲ್ಲ, ಅದರಿಂದ ಸ್ನೇಹಲತಾ ಅವರಿಗೆ ಏನೂ ಆಗಲಿಲ್ಲ. ನಾಲ್ಕಕ್ಕೆ ಒಂದು. ಸೋತ ತೀರ್ಪು.

ಮಾವ: ಆಗಲಿಲ್ಲ. ಅದನ್ನ ಮುಚ್ಚಿಟ್ಟು ನಿನಗೆ ಧೈರ್ಯ ಹೇಳಿದ್ರೆ ಅದು ಸುಳ್ಳಾಗುತ್ತೆ. ಆದ್ರೆ ಅದು ಬರವಣಿಗೆಯಲ್ಲಿ ಉಳೀತು. ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತು. 1976ರ ಬಹುಮತದ ತೀರ್ಪನ್ನ ತಳ್ಳಿಹಾಕಿತು, ಖನ್ನಾ ಬರೆದದ್ದು ಸರಿ ಅಂತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗ. ಅಷ್ಟು ಹೊತ್ತಿಗೆ ಖನ್ನಾ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಇನ್ನೊಂದು ಕಡೆ ಭಗವತಿಯವರು 2011ರಲ್ಲಿ ತಮ್ಮ ತೀರ್ಪು ತಪ್ಪಾಗಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡ್ರು. ಒಪ್ಪಿಕೊಂಡದ್ದು ದೊಡ್ಡತನವೇ. ಆದ್ರೆ ಪಶ್ಚಾತ್ತಾಪ ಎತ್ತಿಕೊಂಡು ಯಾವ ಕೋರ್ಟೂ ತೀರ್ಪು ಕೊಡೋಕಾಗಲ್ಲ. ಖನ್ನಾ ಬರೆದಿಟ್ಟ ಕಾರಣಗಳನ್ನ ಎತ್ತಿಕೊಳ್ಳೋಕಾಯ್ತು. ಮೂವತ್ತು ಚಿಲ್ಲರೆ ವರ್ಷ ಕೋರ್ಟಿನ ಕಡತ ತಿರುವಿದವನು ನಾನು. ಬಾಯಲ್ಲಿ ‘ಇಲ್ಲ’ ಅಂದವರು ಎಷ್ಟು ಜನ ಇದ್ರೋ, ಒಬ್ಬರ ಹೆಸರೂ ಅಲ್ಲಿ ಸಿಗಲಿಲ್ಲ. ಬರೆದವರದು ಸಿಕ್ಕಿತು.

ಸೊಸೆ: ಟಿಪ್ಪಣಿ ಆಗಲೇ ಬರೆದಿಟ್ಟಿದ್ದೀನಿ, ಕೇಳಿ. ‘ಸದರಿ ಕಾಮಗಾರಿಯ ಸ್ಥಳ ಪರಿಶೀಲನೆ ಮಾಡಲಾಗಿ, ಕಾಮಗಾರಿಯು 94 ಮೀಟರ್‌ವರೆಗೆ ಮಾತ್ರ ಪೂರ್ಣಗೊಂಡಿರುವುದು ಕಂಡುಬಂದಿದ್ದು, ಅಷ್ಟಕ್ಕೆ ಮಾತ್ರ ಬಿಲ್ ಪಾವತಿಸಲು ಹಾಗೂ ಉಳಿದ 26 ಮೀಟರನ್ನು ಬಾಕಿ ಕಾಮಗಾರಿ ಎಂದು ದಾಖಲಿಸಲು ಕ್ರಮವಹಿಸಬಹುದಾಗಿದೆ.’

ಮಾವ: ಅಳತೆ ಬಂತು, ಬಾಕಿಯೂ ಬಂತು, ಒಳ್ಳೆಯದು. ಆದ್ರೆ ‘ಪರಿಶೀಲನೆ ಮಾಡಲಾಗಿ’ ಅಂದ್ರೆ ಯಾರು ಮಾಡಿದ್ದು? ‘ಕ್ರಮವಹಿಸಬಹುದಾಗಿದೆ’ ಅಂದ್ರೆ ಯಾರು ವಹಿಸಬೇಕು? ನಮ್ಮ ಕಚೇರಿಗಳ ಅರ್ಧ ಪಾಪ ಇಂಥ ವಾಕ್ಯಗಳ ಹಿಂದೆ ಅಡಗಿ ಕೂತಿದೆ. ಹೊಡೆದು ಹಾಕು ಅದನ್ನ. ಇಂಥ ದಿನಾಂಕದಂದು ಸ್ಥಳಕ್ಕೆ ಹೋಗಿ ನಾನು ಟೇಪಿನಿಂದ ಅಳೆದಿದ್ದೇನೆ, 94 ಮೀಟರ್ ಇದೆ, 120 ಮೀಟರಿಗೆ ಬಿಲ್ ಮಾಡಲು ನಾನು ಒಪ್ಪುವುದಿಲ್ಲ, ಕಾರಣ ಇದು ಅಂತ ಬರಿ. ಕೆಳಗೆ ಹೆಸರು, ಹುದ್ದೆ, ತಾರೀಕು. ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ ಸ್ವೀಕೃತಿ ಇಸ್ಕೊ. ಕಳಿಸೋ ಮೊದಲು ಅಧ್ಯಕ್ಷರ ಮನೆಗೆ ಹೋಗಿ ನೀನೇ ಓದಿ ಹೇಳು, ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು. ಮಾರ್ಚ್ 31ರವರೆಗೆ ಕಾಯಬೇಡ, ನಾಳೆ ಬೆಳಿಗ್ಗೆಯೇ ಮಾಡು.